ಚಾಕ್ ಮುರಿಯದ ಸೂಗಪ್ಪ ಸರ್

"ಸರ್, ನೀವು ಸಣ್ಣ ಪ್ರೋಟೀನ್ ಆಗ್ರಿ," ಅಂದಳು ಆದೆಮ್ಮ.

ಸೂಗಪ್ಪ ತನ್ನ ಆರಡಿ ಮೈಯನ್ನೊಮ್ಮೆ ನೋಡಿಕೊಂಡ. ಬಿಎಸ್ಸಿ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

೧೯೮೮ರ ಡಿಸೆಂಬರ್, ಶನಿವಾರ, ರಾಯಚೂರಿನ ಕಾಲೇಜಿನ ಅಂಗಳದಲ್ಲಿ ಜೀವಕೋಶದ ಪಾಠ ಆಟವಾಗಿ ನಡೆದಿತ್ತು. ದೇವದುರ್ಗದ ಆದೆಮ್ಮ ಜೀವಶಾಸ್ತ್ರ ಕಲಿಸುವವಳು, ಮಾನ್ವಿಯ ಸೂಗಪ್ಪ ಕೆಮಿಸ್ಟ್ರಿ. ಎರಡು ವರ್ಷ ಒಂದೇ ಸ್ಟಾಫ್‌ರೂಮಿನಲ್ಲಿ ಚಹಾ ಕುಡಿದಿದ್ದರು, ಅಷ್ಟೇ. ನಾಳೆ ಆಕೆಯನ್ನು ನೋಡಲು ಗಿಲ್ಲೆಸುಗೂರಿನಿಂದ ಗಂಡಿನ ಕಡೆಯವರು ಬರುತ್ತಾರಂತೆ. ಸುದ್ದಿಯನ್ನು ಅಟೆಂಡರ್ ಲಾಲ್ ಸಾಬ್ ಮುಂಜಾನೆ ಚಹಾದ ಜೊತೆಗೇ ತಂದಿಟ್ಟಿದ್ದ. ಸೂಗಪ್ಪನ ಚಹಾ ಹಾಗೇ ತಣ್ಣಗಾಗಿತ್ತು.

"ಜೀವಕೋಶದಾಗ ಸರಕು ಪುಟ್ಟ ಚೀಲದಾಗ ಓಡಾಡ್ತದ," ಆದೆಮ್ಮ ಹತ್ತಿ ತುಂಬಿದ ಚೀಲವೊಂದನ್ನು ಅವನಿಗೆ ಕೊಟ್ಟಳು. "ಸರಿಯಾದ ಪೊರಿಗೆ ಮುಟ್ಟಸೋದು ಸಣ್ಣ ಪ್ರೋಟೀನ್ ಕೆಲಸ. ನಾನು ಪೊರಿ. ಈ ಚಾಕ್ ಜಿಟಿಪಿ, ಪ್ರೋಟೀನಿಗೆ ಸ್ವಿಚ್ ಇದ್ದಂಗ. ಇಡೀ ಇರೋತನಕ ಚೀಲ ಹಿಡೀರಿ. ನಾ ತಗೊಂಡ ಕೂಡ್ಲೇ ಚಾಕ್ ಮುರದು, ಕೈ ಬಿಟ್ಟು, ಹೊಳ್ಳಿ ಹೋಗ್ರಿ."

"ಜಿಟಿಪಿ ನಂಗೂ ಗೊತ್ತದ್ರೀ ಮೇಡಂ."

"ಗೊತ್ತಿದ್ದೋರಿಗೇ ಎರಡು ಸಲ ಹೇಳಬೇಕಾಗ್ತದ."

ಸೂಗಪ್ಪ ಚೀಲ ತಂದ. ಆಕೆ ಹಿಡಿದಳು. ಬೆರಳಿಗೆ ಬೆರಳು ತಾಗಿತು. ಅವನು ಚಾಕ್ ಮುರಿಯಲಿಲ್ಲ, ಕೈಯನ್ನೂ ಬಿಡಲಿಲ್ಲ. ಹಿಂದೆ ತಮ್ಮ ತಮ್ಮ ಚೀಲ ಹೊತ್ತ ವಿದ್ಯಾರ್ಥಿಗಳ ಸಾಲು ಬೆಳೆಯಿತು.

"ಸರ್, ಲೈನ್ ಆಗೇದ್ರೀ," ವಿದ್ಯಾರ್ಥಿನಿ ಯಂಕಮ್ಮ ಕೂಗಿದಳು.

"ಚಾಕ್ ಮುರೀರಿ," ಆದೆಮ್ಮ ಪಿಸುಗುಟ್ಟಿದಳು.

"ಮುರದ್ರ ಬಿಡಬೇಕಾಗ್ತದ."

ಆಕೆಯ ಮುಖ ಕಿವಿಯತನಕ ಕೆಂಪೇರಿತು. ಆದರೂ ಹುಡುಗರತ್ತ ತಿರುಗಿ ಮೇಷ್ಟರ ದನಿಯಲ್ಲೇ ಅಂದಳು: "ನೋಡ್ರಿ, ಒಂದು ಸಣ್ಣ ಪ್ರೋಟೀನ್ ಕೈ ಬಿಡಲಿಲ್ಲಂದ್ರ ಸಾಗಣೆ ಎಲ್ಲಾ ಹಿಂಗ ನಿಂತುಬಿಡ್ತದ. ಬರಕೋರ್ರಿ."

ತಲೆಗಳೆಲ್ಲ ಬಗ್ಗಿದವು.

"ನಾಳೆ ಬರೋರಿಗೆ ಬ್ಯಾಡ ಅನ್ರಿ," ಅಂದ ಸೂಗಪ್ಪ.

"ಯಾಕ ಬ್ಯಾಡ ಅಂತ ನಮ್ಮಪ್ಪ ಕೇಳ್ತಾನ."

"ನಾ ಅದೀನಿ ಅಂತ ಹೇಳ್ರಿ."

ಆದೆಮ್ಮ ಅವನನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟೂ ಇತ್ತು, ನಗುವೂ ಇತ್ತು. "ಇಷ್ಟು ಹೇಳಾಕ ಎರಡು ವರ್ಷ ಬೇಕಾತೇನ್ರೀ? ನಾನ್ಯಾಕ ಹೇಳ್ಲಿ? ಇವತ್ತು ಸಂಜಿಗೇ ನಿಮ್ಮ ಅವ್ವನ ಕರಕೊಂಡು ದೇವದುರ್ಗಕ್ಕ ಬರ್ರಿ. ನೀವೇ ಹೇಳ್ರಿ."

ಅವನ ಬೆರಳ ಸಂದಿಯಿಂದ ಚಾಕ್ ಕಿತ್ತು ತಾನೇ ಟಕ್ಕನೆ ಮುರಿದಳು.

ಸೂಗಪ್ಪ ಕೈ ಬಿಟ್ಟ. ಅವ್ವನನ್ನು ಕರೆತರಲು ಮಾನ್ವಿ ಬಸ್ಸು ಎಷ್ಟೊತ್ತಿಗೆ ಅಂತ ಲಾಲ್ ಸಾಬನನ್ನು ಕೇಳುತ್ತ ಗೇಟಿನತ್ತ ನಡೆದೇಬಿಟ್ಟ.

"ಮೇಡಂ, ಪ್ರೋಟೀನ್ ಗೇಟ್ ದಾಟಿ ಹೊಂಟದ," ಹಿಂದೆ ಯಂಕಮ್ಮನ ದನಿ ಕೇಳಿಸಿತು.

"ಹೋಗ್ಲಿ ಬಿಡಬೇ," ಆದೆಮ್ಮ ನಗುತ್ತಿದ್ದಳು. "ಹೊಳ್ಳಿ ಬರ್ತದ."