ಬೆಳಕಿನ ಬಳೆ ಆರುವ ಮುನ್ನ

ಮರದ ಬಿಲ್ಲೆಯನ್ನು ಟೇಬಲ್ಲಿನ ಆಚೆ ತುದಿಯಲ್ಲಿಟ್ಟು ಮೋಹನ್‌ಕುಮಾರ್ ತಲೆಯೆತ್ತಿದ. “ಮೇಡಂ, ಈ ಬಳೆ ಮೊದ್ಲು ಬೇಗ ಆರೋಯ್ತಿತ್ತು, ಅಲ್ವಾ?”

ಹಂಸ ಕಂಪ್ಯೂಟರಿನ ಮೇಲಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಕಂಡುಹಿಡಿದುಬಿಟ್ಟ, ಕಳ್ಳ.

ಹಾಸನದ ಆ ಥೆರಪಿ ಕೋಣೆಯ ಗಾಜಿನ ಟೇಬಲ್ಲು ಹೊಳೆನರಸೀಪುರದ ಹುಡುಗಿ ಹಂಸಳೇ ಕಟ್ಟಿದ್ದು. ಮರದ ಬಿಲ್ಲೆಗಳ ಅಡಿಗೆ ಅಂಟಿಸಿದ ಕಪ್ಪು-ಬಿಳುಪು ಗುರುತನ್ನು ಗಾಜಿನ ಕೆಳಗಿನ ಕ್ಯಾಮೆರಾ ನೋಡುತ್ತಿರುತ್ತದೆ. ಎತ್ತಿದೊಡನೆ ಬಿಲ್ಲೆ ಅದಕ್ಕೆ ಕಾಣದಾಗುತ್ತದೆ. ಕಡೆಯ ಸಲ ಕಂಡ ಜಾಗದಲ್ಲಿ ಬಳೆಯಂತೆ ದುಂಡನೆಯ ಬೆಳಕು ಮೂಡಿ, ಸ್ವಲ್ಪ ಹೊತ್ತು ಕಾಯುತ್ತದೆ. ಅದು ಆರುವುದರೊಳಗೆ ಬಿಲ್ಲೆಯನ್ನು ಆಚೆ ತುದಿಯಲ್ಲಿಡಬೇಕು.

ಮೋಹನ್‌ಕುಮಾರನಿಗೆ ಕೊಣನೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿಯಿತ್ತು. ಕೂದಲೆಳೆಯಂಥ ತಾಮ್ರದ ತಂತಿ ಸುತ್ತುತ್ತಿದ್ದ ಬೆರಳುಗಳನ್ನು ನರದ ಕಾಯಿಲೆ ಒಂದೊಂದಾಗಿ ಕಸಿಯುತ್ತಿತ್ತು. ಮೊದಲ ವಾರವೇ ಓರೆಗಣ್ಣಲ್ಲಿ ನೋಡಿ ಹೇಳಿದ್ದ: “ಬಳೆ ಆರೋಕ್ಮುಂಚೆ ಇಟ್ಬುಟ್ರೆ ನಿಮ್ಮನ್ನೊಂದು ಮಾತು ಕೇಳ್ತೀನಿ.” ಏನು ಮಾತೆಂದು ಅವನ ಕಿವಿ ಕೆಂಪಾದಾಗಲೇ ಅವಳಿಗೆ ಗೊತ್ತಾಗಿತ್ತು.

ಆ ಮಾತಿನ ಆಸೆಗೆ ಹಂಸ ಬಳೆ ಕಾಯುವ ಹೊತ್ತನ್ನು ಗುಟ್ಟಾಗಿ ಹಿಗ್ಗಿಸುತ್ತ ಬಂದಿದ್ದಳು.

“ಇವತ್ತು ಇಟ್ಟೆ. ಆದ್ರೂ ಕೇಳಾಕಿಲ್ಲ,” ಅಂದ. “ವಾಸಿ ಆಯ್ತಾ ಐತೆ ಅಂತ ಅವ್ವಂಗೂ ಯೋಳ್ಬುಟ್ಟಿವ್ನಿ ಕಣ್ರೀ.”

ಹಂಸಳಿಗೆ ಅವನ ಮುಖ ನೋಡಲಾಗಲಿಲ್ಲ. ಪ್ರೀತಿಯಿಂದ ಮಾಡಿದ್ದೇ ಅವನಿಗೆ ಮೋಸವಾಗಿತ್ತು.

“ತಪ್ಪಾಯ್ತು,” ಅಂದಳು.

“ಮೊದ್ಲಿನಂಗೇ ಮಾಡಿ.”

ಮಾಡಿದಳು. ಬಿಲ್ಲೆ ನಡುಗುತ್ತ ಮೇಲೆದ್ದಿತು. ಅರ್ಧ ದಾರಿಯೂ ಸಾಗಿರಲಿಲ್ಲ, ಬಳೆ ಆರಿತು. ಬಿಲ್ಲೆ ಕೈಜಾರಿ ನೆಲಕ್ಕೆ ಬಿತ್ತು.

“ಮುಗೀತು ಬುಡಿ,” ಎಂದು ನಗಲು ನೋಡಿದ.

ಹಂಸ ಬಿಲ್ಲೆಯನ್ನು ಎತ್ತಿ ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಸಿದಳು. ಕೈ ಬಿಡಲಿಲ್ಲ.

“ಷರತ್ತು ಹಾಕಿದ್ದು ನೀವು, ನಾನಲ್ಲ. ನನ್ನನ್ನ ಮದುವೆ ಆಗ್ತೀರಾ?”

ಅವನು ಬೆಳಕಿಲ್ಲದ ಗಾಜಿನತ್ತ ನೋಡಿದ. “ಕೈ ಆದ್ಮ್ಯಾಲೆ ನಾಲ್ಗೆ ಅಂದವ್ರೆ ಡಾಕ್ಟ್ರು. ಮಾತೂ ಓಯ್ತದೆ.”

“ಅದಕ್ಕೇ ಇವತ್ತೇ ಕೇಳ್ತಿದೀನಿ.”

ಅವನ ಕಣ್ಣು ತುಂಬಿತು. “ಆಯ್ತೀನಿ,” ಅಂದ. ಆ ಒಂದು ಮಾತು ಆಗಲೇ ಕೊಂಚ ತೊದಲಿತು.

ಈ ಸಲ ಹಂಸ ಏನನ್ನೂ ಮುಚ್ಚಿಡಲು ಹೋಗಲಿಲ್ಲ.

“ತೊದಲ್ತಿದೆ,” ಅಂದಳು, ಕಣ್ಣೊರೆಸಿಕೊಳ್ಳುತ್ತ. “ಇನ್ನೊಂದ್ಸಲ ಹೇಳಿ.”