ತಮ್ಮಣ್ಣನ ವಿಮಾನದ ಬಾಲ

ಆಕಾಶವನ್ನೇ ಉಡುಗೆಯಾಗಿ ಧರಿಸಿ, ಗಾಳಿಯನ್ನು ಉಸಿರಾಗಿ ಆಡಿಸಿ, ಮನುಷ್ಯನ ಎದೆಯ ಗವಿಯಲ್ಲಿ ಸಾಕ್ಷಿಯಾಗಿ ಕುಳಿತಿರುವ ಪರಶಿವನಿಗೆ ಮೊದಲು ತಲೆಬಾಗಿ ಈ ಕತೆಗೆ ತೊಡಗೋಣ.

ಗುರುಪುತ್ರಪ್ಪನ ಎದೆಯಲ್ಲಿ ವಿಷ ಹುಟ್ಟಿದ್ದು ಒಂದು ನಗೆಯಿಂದ. ಬೆಳಗಾವಿಯ ಆಟೋ ನಗರದಲ್ಲಿ ಅವನೂ ತಮ್ಮಣ್ಣನೂ ಕೂಡಿ ನಡೆಸುತ್ತಿದ್ದ ಗ್ಯಾರೇಜಿಗೆ ಒಂದು ಪುಟ್ಟ ವಿಮಾನ ವಿದೇಶದಿಂದ ಬಿಡಿಬಿಡಿಯಾಗಿ ಬಂದಿತ್ತು. ಅದಕ್ಕೆ ಎಲುಬು ಜೋಡಿಸಿದವನು ಗುರುಪುತ್ರಪ್ಪ. ಎಂಜಿನ್ನಿಗೆ ಜೀವ ಕೊಟ್ಟವನೂ ಅವನೇ. ಆದರೆ ೧೯೮೬ರ ಬೇಸಿಗೆಯಲ್ಲಿ ಒಮ್ಮೆ ತಾನೇ ಹಾರಿಸಿ ಇಳಿಸುವಾಗ ಚಕ್ರ ಮುರಿಯಿತು. ನೆರೆದ ಜನರೆದುರು ತಮ್ಮಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

"ಗುರುಪುತ್ರಾ, ನೀ ನಟ್ಟ ಬಿಗಿಯಾಕ ಹುಟ್ಟಿದಾಂವ ಮಾರಾಯಾ! ಹಾರೂದು ನನಗ ಬಿಡು. ನಿನಗ ನೆಲಾನ ಛಲೋ."

ಅಂದಿನಿಂದ ಆ ಆಸನ ತಮ್ಮಣ್ಣನೊಬ್ಬನದಾಯಿತು. ಕಾಕತಿಯಿಂದ ಖಾನಾಪುರದವರೆಗೂ ಜನ ಅದನ್ನು ತಮ್ಮಣ್ಣನ ವಿಮಾನ ಎಂದೇ ಕರೆದರು. ಗುರುಪುತ್ರಪ್ಪ ಆ ಹೆಸರು ಕೇಳಿದಾಗಲೆಲ್ಲ ಮುಗುಳ್ನಗುತ್ತಿದ್ದ. ನಕ್ಕ ತುಟಿಯ ಹಿಂದೆ ಹಲ್ಲು ಕಚ್ಚುತ್ತಿದ್ದ. ಮೇಲಿದ್ದವನು ಮೇಲಿಂದಲೇ ಬೀಳಬೇಕೆಂದು ನಿಶ್ಚಯಿಸಿದ.

ದಾರಿಯನ್ನು ದಸರೆಯೇ ತೋರಿತು. ವಿಜಯದಶಮಿಯ ದಿನ ಖಾನಾಪುರದಲ್ಲಿ ಹಾರಿಸಿ ತೋರಿಸಬೇಕೆಂದು ಅಲ್ಲಿನ ಕರೆಪ್ಪ ಸಾಹುಕಾರ ಕರೆ ಕಳಿಸಿದ್ದ. ವಿಮಾನ ಲಾರಿಯಲ್ಲಿ ಹೋಗಬೇಕು. ರೆಕ್ಕೆಗಳನ್ನು ಮಡಚಬಹುದು; ಬಾಲವನ್ನು ಮಾತ್ರ ಕಳಚಿ, ಅಲ್ಲಿ ಮತ್ತೆ ಕೂಡಿಸಲೇಬೇಕು. ಕೂಡಿಸುವವನು ಗ್ಯಾರೇಜಿನ ಫಿಟ್ಟರ್ ಸಮದ. ಬಾಲ ಕಳಚಿ ಬಿದ್ದರೆ ಲೋಕದ ಬೆರಳು ತೋರುವುದು ಅವನತ್ತಲೇ. ತಮ್ಮಣ್ಣ ಮಣ್ಣಿಗೆ, ಸಮದ ಜೈಲಿಗೆ, ವಿಮಾನದ ಹೆಸರು ತನಗೆ. ಲೆಕ್ಕ ಎಷ್ಟು ನಿರ್ಮಲವಾಗಿತ್ತೆಂದರೆ ಅದರ ಅಂದಕ್ಕೆ ಅವನೇ ಮನಸೋತ.

ಖಾನಾಪುರದಲ್ಲಿ ನಿಂತುಹೋದ ಹೆಂಚಿನ ಕಾರ್ಖಾನೆಯ ಶೆಡ್ಡಿನಲ್ಲಿ, ಊರ ಜನ ನೋಡುತ್ತಿರುವಾಗ, ಅವನು ಬೇಕೆಂದೇ ದನಿ ಎತ್ತಿದ.

"ಸಮದ, ಬಾಲದ್ದು ನಾಜೂಕ ಕೆಲಸ ಐತಿ. ನೀನ ಮಾಡು, ನಾ ಕೈ ಹಚ್ಚಂಗಿಲ್ಲ. ಏನಾರ ಆದ್ರ ನಿನ್ನ ಕುತ್ತಿಗಿಗೆ ಬರ್ತದ ನೋಡು!"

"ಬರ್ಲಿ ಬಿಡ್ರಿ ಅಣ್ಣಾರ," ಸಮದ ಬೋಲ್ಟು ಬಿಗಿಯುತ್ತಲೇ ನಕ್ಕ. "ನನ್ನ ಕುತ್ತಿಗಿ ಭಾಳ ಗಟ್ಟಿ ಐತ್ರಿ. ನಮ್ಮ ಮನಿಯಾಕಿ ರಾಜಬೀ ದಿನಾ ಹಿಚಕತಾಳ, ಇನ್ನೂ ಮುರದಿಲ್ಲ."

ಜನ ನಕ್ಕರು. ಗುರುಪುತ್ರಪ್ಪನೂ ನಕ್ಕ. ನಗುವವರೆಲ್ಲ ನಾಳೆ ಸಾಕ್ಷಿಗಳಾಗುವರು.

ಮರುದಿನ ಖಂಡೇನವಮಿ, ಆಯುಧಪೂಜೆಯ ದಿನ. ಪೂಜೆಗೊಂಡ ಆಯುಧವನ್ನು ದಶಮಿಯ ಬೆಳಗಿನವರೆಗೆ ಯಾರೂ ಮುಟ್ಟುವುದಿಲ್ಲ. ಪೂಜಿಸಿದ ಕೈಯೇ ಮತ್ತೆ ಎತ್ತಿಕೊಡಬೇಕು, ಆಮೇಲೆಯೇ ಯಂತ್ರ ಕದಲಬೇಕು. ಈ ನೇಮವೇ ಗುರುಪುತ್ರಪ್ಪನ ಕೋಟೆ. ಹಬ್ಬದ ದಿನ ನಟ್ಟು ತಿರುಗಿಸುವ ಪಾನಾ ಹಿಡಿದವರುಂಟೆಂದು ಯಾರು ಊಹಿಸಿಯಾರು? ತಮ್ಮಣ್ಣನ ಹೆಂಡತಿ ಸಂಗವ್ವ ವಿಮಾನದ ಮುಂದೆ ಹೊಸ ಖಣದ ಬಟ್ಟೆ ಹಾಸಿ, ಉಪಕರಣಗಳನ್ನು ಸಾಲಾಗಿಟ್ಟು, ಸಾವಧಾನವಾಗಿ ಪೂಜೆ ಮುಗಿಸಿದಳು. ಬಾಲದ ಬೋಲ್ಟುಗಳು ಇಂಚಿನ ಅಳತೆಯವು. ಅವಕ್ಕೆ ಕೂಡುವ ಪಾನಾ ಆ ಸಾಲಿನಲ್ಲಿ ಬಿಟ್ಟರೆ ಊರಿನಲ್ಲಿ ಬೇರೆಲ್ಲೂ ಇರಲಿಲ್ಲ. ಅದಕ್ಕೂ ಅವನು ಅಂಜಲಿಲ್ಲ. ದೇವರ ಮುಂದಿನದನ್ನು ತೆಗೆದುಕೊಂಡರೆ, ಹೊಸದನ್ನು ಕೊಂಡು ಅಂಗಡಿಯವನ ನೆನಪಿನಲ್ಲಿ ಉಳಿಯುವ ಭಯವಿಲ್ಲ.

ಮಧ್ಯಾಹ್ನ ಕರೆಪ್ಪನ ಮನೆಯಲ್ಲಿ ಹೋಳಿಗೆಯ ಊಟ.

"ವೈನಿ, ನಂದು ಇವತ್ತ ಒಪ್ಪತ್ತು ಐತಿ," ಎಂದ ಗುರುಪುತ್ರಪ್ಪ ಸಂಗವ್ವನಿಗೆ, ಕಣ್ಣು ಕೆಳಗಿಳಿಸಿ. "ನೀವೆಲ್ಲಾ ಉಂಡ ಬರ್ರಿ. ನಾ ಕಾಯ್ತೀನಿ."

"ಇಷ್ಟ ದಿನಾ ಇಲ್ಲದ ಭಕ್ತಿ!" ತಮ್ಮಣ್ಣ ಬೆನ್ನು ತಟ್ಟಿದ. "ನಿನ್ನ ಪಾಲಿನ ಹೋಳಗಿ ನಾ ತಿಂತೀನಿ ತಗೋ."

ತಿನ್ನು, ಕಡೆಯದನ್ನು ಚೆನ್ನಾಗಿಯೇ ತಿನ್ನು ಎಂದು ಗುರುಪುತ್ರಪ್ಪನ ಮನಸ್ಸು ಹರಸಿತು.

ಅವರು ಮರೆಯಾದೊಡನೆ ಬಾಗಿಲಿಕ್ಕಿ, ಪಾನಾ ಎತ್ತಿಕೊಂಡು ಬಾಲದ ಕೆಳಗೆ ಬಾಗಿದ. ನಟ್ಟನ್ನು ಕಾಯುವ ಪಿನ್ನು ಕಿಸೆ ಸೇರಿತು. ನಟ್ಟು ಸಡಿಲಾಯಿತು. ನೆಲದ ಮೇಲೆ ಅದು ಅಲುಗದು. ಆಕಾಶದ ನಡುಕ ಉಳಿದ ಕೆಲಸವನ್ನು ಪೂರೈಸುವುದು. ಪಾನಾವನ್ನು ಖಣದ ಮೇಲೆ ಅದರದೇ ಜಾಗದಲ್ಲಿ, ಅದೇ ಓರೆಯಲ್ಲಿಟ್ಟು, ಮೇಲಿದ್ದ ಚೆಂಡುಹೂವಿನ ಎಸಳನ್ನೂ ಮೊದಲಿನಂತೆಯೇ ಇರಿಸಿದ. ತನ್ನ ಎಚ್ಚರಿಕೆಗೆ ತಾನೇ ಬೆರಗಾದ.

"ಯಾರಾರ ಬಂದಿದ್ರೇನ್ರಿ?" ಊಟ ಮುಗಿಸಿ ಬಂದ ಸಂಗವ್ವ ಕೇಳಿದಳು.

"ಒಂದ ನೊಣಾ ಸೈತ ಒಳಗ ಬಂದಿಲ್ಲ ವೈನಿ. ನಾ ಬಾಗಲಾ ಬಿಟ್ಟ ಕದಲೇ ಇಲ್ಲ." ಎಲ್ಲರಿಗೂ ಕೇಳುವಂತೆ ಹೇಳಿ, ಅವಳೆದುರೇ ಶೆಡ್ಡಿಗೆ ಬೀಗ ಜಡಿದು, ಕೀಲಿಕೈಯನ್ನು ಅವಳ ಕೈಗೇ ಕೊಟ್ಟ. ತನ್ನ ಬಳಿ ಏನೂ ಉಳಿಯದಿರುವುದೇ ಒಳ್ಳೆಯದು.

ದಶಮಿಯ ಬೆಳಿಗ್ಗೆ ವಿಮಾನವನ್ನು ಬಯಲಿಗೆ ತಳ್ಳಿ ನಿಲ್ಲಿಸಿದರು. ತಮ್ಮಣ್ಣ ಆಸನವೇರಿ ಪಟ್ಟಿ ಬಿಗಿದುಕೊಂಡ. ಸಂಗವ್ವ ಖಣದ ಮುಂದೆ ಕುಳಿತು, ಒಂದೊಂದೇ ಆಯುಧವನ್ನು ಹಣೆಗೊತ್ತಿಕೊಂಡು ಸಮದನ ಕೈಗೆ ಕೊಡತೊಡಗಿದಳು. ಸಾಲಿನ ನಡುವೆ ಅವಳ ಕೈ ನಿಂತಿತು.

"ಏನ್ರಿ, ಇನ್ನ ಚಾಲೂ ಮಾಡಬ್ಯಾಡ್ರಿ! ಕೆಳಗ ಇಳೀರಿ!" ಎಂದು ಗಂಡನಿಗೆ ಕೂಗಿದಳು. ಕೈಯಲ್ಲಿದ್ದುದನ್ನು ಬಿಸಿಲಿಗೆ ಹಿಡಿದು ತಿರುವಿ ನೋಡಿದಳು. "ಸಮದಣ್ಣಾ, ಇದು ಯಾವುದರ ಪಾನಾ?"

"ಬಾಲದ್ದರೀ ಅಕ್ಕಾರ," ಎಂದ ಸಮದ. ಅವಳ ಮುಖ ನೋಡಿದವನೇ ಬಾಲದ ಕಡೆಗೆ ಓಡಿದ. ತಮ್ಮಣ್ಣ ಪಟ್ಟಿ ಬಿಚ್ಚಿ ಇಳಿಯುತ್ತಿದ್ದ. ಸಂಗವ್ವ ಮಾತ್ರ ಎದ್ದು ನಿಂತು, ನೊಣವನ್ನೂ ಒಳಗೆ ಬಿಡದೆ ಕಾದವನತ್ತ ನೆಟ್ಟ ನೋಟ ತೆಗೆಯಲಿಲ್ಲ.

ಗುರುಪುತ್ರಪ್ಪ ಆಗ ಖಣದತ್ತ ನೋಡಿದ. ಬಳಸಿದ ಪಾನಾವನ್ನು ಸೀಮೆಎಣ್ಣೆಯ ಅರಿವೆಯಿಂದ ಒರೆಸದೆ ಇಟ್ಟು ಅವನ ಕೈಗೆ ಜನ್ಮದಲ್ಲೇ ರೂಢಿಯಿರಲಿಲ್ಲ. ನಿನ್ನೆಯೂ ಆ ಕೈ ತನ್ನ ಪಾಡಿಗೆ ತಾನು ಒರೆಸಿತ್ತು. ಸಾಲಿನಲ್ಲಿದ್ದ ಪ್ರತಿಯೊಂದು ಆಯುಧದ ಮೇಲೂ ಸಂಗವ್ವ ಎಳೆದ ಮೂರೆಳೆಯ ವಿಭೂತಿ ಬೆಳ್ಳಗೆ ಉಳಿದಿತ್ತು. ಅವಳ ಕೈಯಲ್ಲಿದ್ದ ಪಾನಾ ಒಂದೇ ನಿರ್ಮಲವಾಗಿ ಥಳಥಳಿಸುತ್ತಿತ್ತು. ಇದನ್ನು ಕೇಳಿದವರ ಮನಸ್ಸಿನಲ್ಲಿ ಹಗೆ ಬೇರೂರದಿರಲಿ, ಮೇಲೇರಿದವರೆಲ್ಲ ಕ್ಷೇಮವಾಗಿ ನೆಲ ಮುಟ್ಟಲಿ, ಎಲ್ಲರ ಮನೆಯಲ್ಲೂ ಶಿವನ ಕರುಣೆ ನೆಲೆಸಲಿ.