ಬುಧವಾರದ ಸೊನ್ನೆ

ಯಂತ್ರದ ಅಂಕಿ ಮತ್ತೆ ಸೊನ್ನೆಗೆ ಬಂದು ನಿಂತಿತ್ತು. ರಾಜಬಿ ಇನ್ನೊಮ್ಮೆ ಅಳೆದಳು. ಅದೇ ಸೊನ್ನೆ.

ಸತತ ಮೂರನೆಯ ಬುಧವಾರ. ಯಾರೋ ಬೇಕೆಂದೇ ಅವಳ ಪ್ರಯೋಗ ಕೆಡಿಸುತ್ತಿದ್ದಂತಿತ್ತು.

೧೯೭೬ನೇ ಇಸವಿ. ವಿಜಾಪುರದ ಸ್ಟೇಷನ್ ರಸ್ತೆಯ ಹಿಂದಿನ ಆ ಸಣ್ಣ ಪ್ರಯೋಗಶಾಲೆಯಲ್ಲಿ, ಗಾಜಿನ ಬಾಟಲಿಗಳೊಳಗೆ ಮನುಷ್ಯರ ಚರ್ಮದ ಜೀವಕೋಶಗಳು ಬೆಳೆಯುತ್ತಿದ್ದವು. ಅವು ಬಬಲೇಶ್ವರದ ಗೌರಾಬಾಯಿಯವು. ಎಲುಬಿನ ಕ್ಯಾನ್ಸರ್ ಗಂಟಿಗಾಗಿ ಅವಳ ಕಾಲು ತೆಗೆದಾಗ, ಆ ಕಾಲಿನಿಂದ ಅವಳೇ ಒಪ್ಪಿ ಕೊಟ್ಟಿದ್ದ ಚೂರು ಚರ್ಮ. ಗೌರಾಬಾಯಿ ತೀರಿ ಎಂಟು ತಿಂಗಳಾಗಿತ್ತು. ಕೋಶಗಳು ಬದುಕಿದ್ದವು. ಅವುಗಳಲ್ಲಿನ ಒಂದು ಕಿಣ್ವ ಕೊಬ್ಬಿನ ಆಮ್ಲವನ್ನು ಪ್ರೋಸ್ಟಾಗ್ಲಾಂಡಿನ್ ಎಂಬ ರಸವಾಗಿ ಮಾರ್ಪಡಿಸುತ್ತಿತ್ತು. ನೋವು, ಬಾವು ಹೆಚ್ಚಿಸುವ ರಸ ಅದು. ಆ ಕಿಣ್ವದ ವೇಗ ಅಳೆಯುವುದೇ ಟಿಕೋಟಾದ ಹುಡುಗಿ ರಾಜಬಿಯ ಕೆಲಸ.

"ಇದು ಗುರಲಿಂಗಪ್ಪಂದ ಕೆಲಸ," ಎಂದರು ಹಿರಿಯ ಡಾಕ್ಟರ್ ಸೈಫುದ್ದೀನ. "ಕಿಣ್ವಾ ತಡಿಯೂ ಔಷಧ ಅವನ ಕಪಾಟಿನ್ಯಾಗ ಐತಿ. ಅವನಿಗಿಂತ ಮೊದಲ ನಿನಗ ಪದವಿ ಸಿಗತೈತಿ ಅಂತ ಹೊಟ್ಟಿಕಿಚ್ಚು. ಶುಕ್ರವಾರ ಅವನ್ನ ಕೆಲಸಾ ಬಿಡಸ್ತೇನಿ."

"ನಾಳಿತನಕ ತಡೀರಿ ಸರ್."

ಪಕ್ಕದ ಮೇಜಿನ ಸಂಶೋಧಕ ಗುರಲಿಂಗಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. "ನಿಮಗೂ ನನ್ನ ಮ್ಯಾಲ ಸಂಶೇ ಐತೇನ್ರಿ?" ಎಂದ ರಾಜಬಿಗೆ, ಮೆಲ್ಲಗೆ.

"ಅಂಕಿ ಹೇಳೂತನಕ ಯಾರ ಮ್ಯಾಲೂ ಇಲ್ಲ."

*

ಕೋಶಗಳು ಸತ್ತಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಗಾಜಿಗೆ ಅಂಟಿಕೊಂಡು ಆರೋಗ್ಯವಾಗಿಯೇ ಇದ್ದವು. ರಾಜಬಿ ಅವನ್ನು ಮೂರು ಸಲ ತೊಳೆದಳು. ಕೊಬ್ಬಿನ ಆಮ್ಲವನ್ನು ಹತ್ತು ಪಟ್ಟು ಹಾಕಿದಳು. ಸಂಜೆಗೆ ಅಂಕಿ ನೋಡಿದಳು. ಸೊನ್ನೆ ಅಲುಗಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರನ್ನೂ ಕೂರಿಸಿಕೊಂಡಳು.

"ಗುರಲಿಂಗಪ್ಪನವರ ಔಷಧ ಕಿಣ್ವದ ಬಾಗಿಲದಾಗ ಅಡ್ಡ ನಿಲ್ಲತೈತಿ, ಅಷ್ಟ. ಆಮ್ಲ ಹೆಚ್ಚಿಗಿ ಆದ್ರ ಸರೀತೈತಿ, ತೊಳದ್ರ ಹೋಗತೈತಿ. ಇದು ಎರಡಕ್ಕೂ ಬಗ್ಗಲಿಲ್ಲ. ಬಾಗಿಲಕ್ಕ ಕಾಯಂ ಬೀಗ ಬಿದ್ದೈತಿ. ಹಂಗ ಬೀಗ ಹಾಕೂದು ಆಸ್ಪಿರಿನ್."

"ಮತ್ತ ಪ್ರತಿ ಶನಿವಾರ ಅಳದಾಗ ಅಂಕಿ ಸರಿ ಇರ್ತೈತಲ್ಲ?" ಎಂದರು ಸೈಫುದ್ದೀನ.

"ಮಂಗಳವಾರ ಒಮ್ಮೆ, ಶುಕ್ರವಾರ ಒಮ್ಮೆ ಕೋಶಕ್ಕ ಹೊಸಾ ಆಹಾರ ಹಾಕ್ತೇವ್ರಿ. ಶುಕ್ರವಾರದ್ದು ಬಿದ್ದ ಮ್ಯಾಲ ಕೋಶ ಹೊಸಾ ಕಿಣ್ವ ಮಾಡಕೋತಾವ. ಅಂದ್ರ ಆಸ್ಪಿರಿನ್ ಬೀಳೂದು ಮಂಗಳವಾರದ ಆಹಾರದಾಗ."

ಮಂಗಳವಾರದ ದ್ರವಾಹಾರ ಕಲಸಿದ ಬಾಟಲಿ ಇನ್ನೂ ತೊಳೆದಿರಲಿಲ್ಲ. ತಳದಲ್ಲಿ ಬಿಳಿ ಪುಡಿ ಕೂತಿತ್ತು. ಅದನ್ನು ನೀರಲ್ಲಿ ಕುದಿಸಿ, ಕಬ್ಬಿಣದ ಲವಣದ ಎರಡು ಹನಿ ಬಿಟ್ಟಳು. ನೀರು ನೇರಳೆಯಾಯಿತು. ಆಸ್ಪಿರಿನ್ನೇ. ಆಹಾರವನ್ನು ಸೋಸಿಯೇ ಕೋಶಗಳಿಗೆ ಹಾಕುತ್ತಿದ್ದರು; ಆದರೆ ಸೋಸುವಾಗ ಕ್ರಿಮಿ ನಿಲ್ಲುತ್ತವೆ, ಕರಗಿದ ಗುಳಿಗೆ ನಿಲ್ಲುವುದಿಲ್ಲ.

"ಈ ಬಾಟಲಿ ಎಲ್ಲಿ ಇಟ್ಟಿರ್ತೀರಿ?" ಗುರಲಿಂಗಪ್ಪ ಕೇಳಿದ.

ರಾಜಬಿ ಮೂಲೆಯ ಮೇಜಿನತ್ತ ತಿರುಗಿ ನೋಡಿದಳು. ಆ ಮೇಜಿನ ಪಕ್ಕದ ಕುರ್ಚಿಯಲ್ಲಿ ಪ್ರತಿ ಮಂಗಳವಾರ ಕೂರುವವಳು ಒಬ್ಬಳೇ. ಗೌರಾಬಾಯಿಯ ತಾಯಿ ಮುರಿಗೆವ್ವ. ಮಗಳ ಬಾಟಲಿ ನೋಡಲು ಬರುತ್ತಿದ್ದಳು. ನಾಲ್ಕು ವಾರದ ಹಿಂದೆ, ಇವು ಏನು ಮಾಡುತ್ತವೆ ಎಂದು ಮುರಿಗೆವ್ವ ಕೇಳಿದಾಗ, ಕೆಲಸದ ಗಡಿಬಿಡಿಯಲ್ಲಿ ಹೇಳಿದ್ದು ತಾನೇ: "ನೋವಿನ ರಸಾ ಮಾಡ್ತಾವಬೇ."

*

ಬಬಲೇಶ್ವರದಲ್ಲಿ ಮುರಿಗೆವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ರಾಜಬಿ ಗುಳಿಗೆಯ ಮಾತು ಎತ್ತುತ್ತಲೇ ಮುದುಕಿ ಒಪ್ಪಿಕೊಂಡಳು.

"ಹೂಂನ್ರಿ ಬಾಯಾರ, ನಾನ ಹಾಕೇನಿ. ಊಟದಾಗ ಗುಳಿಗಿ ಅರದ ಹಾಕಿದ್ರ ಗೌರಿಗೆ ತಿಳೀತಿರಲಿಲ್ಲ. ಇಲ್ಲೂ ಹಂಗ ಮಾಡಿದ್ನಿ."

"ಯಾಕ ಯವ್ವಾ?"

"ಕಾಲ್ ತಗದ ಮ್ಯಾಲೂ ಕಾಲ್ ಉರೀತೈತಿ ಅಂತ ಅಳ್ತಿದ್ಳು. ಕಾಲ ಇಲ್ಲಲ್ಲ ಮಗಳ, ಎಲ್ಲಿ ಉರೀತೈತಿ ಅಂತಿದ್ನಿ. ಬೈದೇನಿ ಸುದ್ದಾ. ನೀವು ಹೇಳಿದ ಮ್ಯಾಲ ತಿಳೀತು. ಅದು ನಿಮ್ಮ ಬಾಟಲಿಯೊಳಗ ಉರಿಯಾಕತ್ತಿತ್ತು." ಅವಳು ಮೊರವನ್ನು ಕೆಳಗಿಟ್ಟಳು. "ಗುಳಿಗಿಗೆ ಉರಿ ಇಳೀತೇನ್ರಿ?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಮುಂದಿನ ಮಂಗಳವಾರವೂ ಗುಳಿಗೆ ಬರುತ್ತಿತ್ತು.

"ನಾ ತಪ್ಪ ಹೇಳಿದ್ನಿ ಯವ್ವಾ. ರಸಾ ಆಗೂದು ಖರೆ. ಅದು ನೋವು ಅಂತ ತಿಳಿಯಾಕ ನರಾ ಬೇಕು, ಜೀವಾ ಬೇಕು. ಬಾಟಲಿಯೊಳಗ ಯಾರಿಗೂ ನೋವಾಗೂದಿಲ್ಲ."

"ಒಟ್ಟ ಆಗೂದಿಲ್ಲ?"

"ಇಲ್ಲ."

ಮುರಿಗೆವ್ವ ಮೊರದಲ್ಲಿನ ಜೋಳದ ಮೇಲೆ ಕೈಯಾಡಿಸಿದಳು.

"ಹಂಗಾರ ಆಕಿ ಅಲ್ಲಿಲ್ಲ," ಎಂದಳು.

*

ಗುರಲಿಂಗಪ್ಪನ ಕೆಲಸ ಉಳಿಯಿತು. ಸೈಫುದ್ದೀನ ಅವನ ಕ್ಷಮೆ ಕೇಳಿದರು. ಮುಂದಿನ ಬುಧವಾರ ಅಂಕಿ ಏರಿತು. ಯಾರೂ ಖುಷಿಪಡಲಿಲ್ಲ.

ಮುರಿಗೆವ್ವ ಆ ಮಂಗಳವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮೂರನೆಯ ಮಂಗಳವಾರ ರಾಜಬಿಯೇ ಬಬಲೇಶ್ವರದ ಬಸ್ಸು ಹತ್ತಿದಳು. ಮುರಿಗೆವ್ವ ಕಟ್ಟೆಯ ಮೇಲೆ ಸರಿದು ಜಾಗ ಕೊಟ್ಟಳು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಮಾತು ತೆಗೆದಳು.

"ನಮ್ಮ ಗೌರಿ ಇದ್ದಾಗ..."

ಇಷ್ಟು ತಿಂಗಳು ಅವಳು ಮಗಳ ಬಗ್ಗೆ ಒಮ್ಮೆಯೂ ಹಾಗೆ ಹೇಳಿರಲಿಲ್ಲ. "ಗೌರಿ ಅದಾಳ" ಎಂದೇ ಹೇಳುತ್ತಿದ್ದಳು.